ಮೀಟರಿಗಿಂತ ಮುಂಚೆ ಬರುವ ಮನುಷ್ಯ

ಅಮೆರಿಕದ ಐಡಾಹೊ ರಾಜ್ಯದಲ್ಲಿ ಕೆಲವು ಹಳ್ಳಿಗಾಡಿನ ಕೌಂಟಿಗಳಿವೆ. ಅಲ್ಲಿ ನಿಮ್ಮ ಜಮೀನಿನಲ್ಲಿ ನೀವು ಮನೆ ಎಬ್ಬಿಸುತ್ತಿದ್ದರೆ ಗೋಡೆ ಎಷ್ಟು ದಪ್ಪ, ತೊಲೆ ಎಷ್ಟು ಗಟ್ಟಿ ಎಂದು ಅಳೆಯಲು ಯಾರೂ ಬರುವುದಿಲ್ಲ. ವೈರಿಂಗಿಗೆ ಮಾತ್ರ ರಾಜ್ಯ ಸರ್ಕಾರದ ಪರ್ಮಿಟ್ ಬೇಕೇ ಬೇಕು. ಗೋಡೆಗಿಲ್ಲದ ಕಟ್ಟುಪಾಡು ತಂತಿಗೇಕೆ? ಈ ಪ್ರಶ್ನೆ ನನ್ನನ್ನು ವರ್ಷಗಟ್ಟಲೆ ಕಾಡಿದೆ. ಉತ್ತರ ಹುಡುಕುತ್ತ ಹೋದರೆ ಸಿಗುವವನು ಒಬ್ಬ ಹುಡುಗ.

ಹುಡುಗನೇ ಅನ್ನಿ, ಇಪ್ಪತ್ತೈದರ ಪ್ರಾಯ. ಹೆಸರು ವಿಲಿಯಂ ಹೆನ್ರಿ ಮೆರಿಲ್. ಬಾಸ್ಟನ್ನಿನಲ್ಲಿ ವಿದ್ಯುತ್ ಇನ್ಸ್‌ಪೆಕ್ಟರ್. 1893ರಲ್ಲಿ ಷಿಕಾಗೋದಲ್ಲಿ ಮಹಾ ವಸ್ತುಪ್ರದರ್ಶನ ನಡೆಯಿತಲ್ಲ, ನಮ್ಮ ವಿವೇಕಾನಂದರು ಅದೇ ವರ್ಷ ಅದೇ ಊರಿನಲ್ಲಿ ಮಾತಾಡಿದರು. ಆ ಪ್ರದರ್ಶನದಲ್ಲಿ ವಿದ್ಯುತ್ತಿಗೆಂದೇ ಒಂದು ಅರಮನೆ. ಜನ ದೀಪ ನೋಡಿ ಬಾಯಿ ಬಿಟ್ಟರು. ಬೆಂಕಿ ವಿಮೆ ಕಂಪನಿಯವರು ತಂತಿ ನೋಡಿ ಬೆವೆತರು. ಇದು ಹೊತ್ತಿಕೊಂಡರೆ ಹಣ ಕಟ್ಟಿಕೊಡುವವರು ಯಾರು? ಪರೀಕ್ಷಿಸಲು ಮೆರಿಲ್ಲನನ್ನು ಕರೆಸಿದರು.

ಆತ ಅಲ್ಲೇ ನಿಂತುಬಿಟ್ಟ. 350 ಡಾಲರಿನ ಸಲಕರಣೆ ಇಟ್ಟುಕೊಂಡು ಪ್ರಯೋಗಶಾಲೆ ತೆರೆದ. ಎಲ್ಲಿ ಗೊತ್ತೇ? ಬೆಂಕಿ ಆರಿಸುವವರ ಠಾಣೆಯ ಮಹಡಿಯ ಮೇಲೆ! 1894ರ ಮಾರ್ಚ್ 24ರಂದು ಮೊದಲ ಪರೀಕ್ಷೆ. ಇಂದು ಪ್ಲಗ್ಗು, ಸ್ವಿಚ್ಚುಗಳ ಮೇಲೆ ಕಾಣುವ ‘ಯುಎಲ್’ ಎಂಬ ಸುರಕ್ಷತಾ ಮುದ್ರೆಯ ಹುಟ್ಟೂರು ಆ ಮಹಡಿ. ಎಡಿಸನ್ನನ ಹೆಸರು ಮಕ್ಕಳ ಬಾಯಲ್ಲಿದೆ, ಈ ಪುಣ್ಯಾತ್ಮನನ್ನು ಕೇಳುವವರಿಲ್ಲ. ನನಗದು ಸಂಕಟವೇ.

ಆಮೇಲೆ ಸಭೆ, ಸಮಿತಿ, ಕರಡು, ಅದೆಲ್ಲ ಬಿಡಿ. 1897ರಲ್ಲಿ ರಾಷ್ಟ್ರೀಯ ವಿದ್ಯುತ್ ಸಂಹಿತೆ, ಅಂದರೆ ವೈರಿಂಗ್ ಹೇಗಿರಬೇಕೆಂಬ ನಿಯಮಗಳ ಕಟ್ಟು, ಬಂತು. ಅದರ ಹಿಂದಿದ್ದದ್ದು ಸರ್ಕಾರದ ಕರುಣೆಗಿಂತ ವಿಮೆಯವರ ಜೇಬಿನ ಚಿಂತೆ.

ಹಳ್ಳಿಗೆ ಅದರ ಬಿಸಿ ತಟ್ಟಲಿಲ್ಲ. ಕರೆಂಟೇ ಇಲ್ಲದ ಮೇಲೆ ಸಂಹಿತೆ ಎಲ್ಲಿಯದು! 1930ರ ದಶಕದ ನಡುವಿನಲ್ಲೂ ಹತ್ತು ರೈತರ ಮನೆಗಳಲ್ಲಿ ಒಂಬತ್ತಕ್ಕೆ ಸೀಮೆಎಣ್ಣೆಯೇ ಗತಿ. ಖಾಸಗಿ ಕಂಪನಿಗಳಿಗೆ ಅಷ್ಟು ದೂರ ತಂತಿ ಎಳೆದರೆ ಗಿಟ್ಟುತ್ತಿರಲಿಲ್ಲ. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣ ಆಡಳಿತ ಸ್ಥಾಪಿಸಿದ, ರೈತರು ಸಹಕಾರ ಸಂಘ ಕಟ್ಟಿಕೊಂಡು ಸಾಲ ಪಡೆದು ತಾವೇ ಕಂಬ ನೆಟ್ಟರು. ಕಂಬದ ಬೆನ್ನಿಗೇ ಇನ್ಸ್‌ಪೆಕ್ಟರ್ ಬಂದ. ಮನೆಯೊಳಗಿನ ವೈರಿಂಗ್ ಅವನಿಗೆ ಸರಿಕಂಡರೆ ಮೀಟರ್, ಇಲ್ಲವಾದರೆ ಮತ್ತೆ ಲಾಟೀನು. ತಾತ ಕಟ್ಟಿದ ಗೋಡೆಯ ತಂಟೆಗೆ ಅವನು ಹೋಗಲಿಲ್ಲ. ನನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ ಅನ್ನಿಸುತ್ತದೆ: ಗೋಡೆ ಹಳ್ಳಿಯವರದೇ, ತಂತಿ ಹೊರಗಿನಿಂದ ಬಂದದ್ದು, ಬರುವಾಗ ಷರತ್ತನ್ನೂ ಜೊತೆಗೇ ತಂದಿತು.

ಗೋಡೆಯ ತಂಟೆಗೆ ಹೋದ ಕಡೆ ಜಗಳವೂ ಆಯಿತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮೆಂಡೊಸಿನೊ ಕೌಂಟಿಯ ಕಾಡಿನಲ್ಲಿ ಕೈಯಾರೆ ಮನೆ ಕಟ್ಟಿಕೊಂಡಿದ್ದ ಯುವಜನರ ಬಾಗಿಲಿಗೆ ಅಧಿಕಾರಿಗಳು ‘ಈ ಮನೆ ನಿಯಮಬಾಹಿರ’ ಎಂಬ ಕೆಂಪು ಚೀಟಿ ಅಂಟಿಸಿದರು. ಅವರು ಒಗ್ಗೂಡಿ ಹೋರಾಡಿದರು, ‘ಕ್ಲಾಸ್ ಕೆ’ ಎಂಬ ಸಡಿಲ ನಿಯಮ ಗಿಟ್ಟಿಸಿಕೊಂಡರು. ಅದರ ಪ್ರಕಾರ ಹಳ್ಳಿಯಲ್ಲಿ ತನ್ನ ಮನೆ ತಾನೇ ಕಟ್ಟಿಕೊಳ್ಳುವವನು ಕರೆಂಟು ಹಾಕಿಸಲೇಬೇಕೆಂಬ ಕಡ್ಡಾಯವಿಲ್ಲ.