ಹೃದಯದ ಮಾತ್ರೆ, ಹಳದಿ ಕಾಣುವ ಕಣ್ಣು
(ನಮ್ಮ ಅಂಧೇರಿ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಗಿರಣಿಯ ಗುಮಾಸ್ತ. ಆದರೂ ಈ ವಿಷಯ ಎತ್ತಿಕೊಳ್ಳಲು ಕಾರಣ, ಇದೇ ಮೇಜಿನ ಬಳಿ ನಡೆದ ಒಂದು ಸಂಗತಿ.

ದಿನವೂ ಸಂಜೆ ಇಲ್ಲಿಗೆ ಬರುವ ಹಿರಿಯರೊಬ್ಬರು ಒಮ್ಮೆ, "ಏನಪ್ಪಾ, ಹಳೆಯ ಪತ್ರಿಕೆ ಇಟ್ಟಿದ್ದೀಯಲ್ಲ, ಹಾಳೆಯೆಲ್ಲ ಹಳದಿ" ಎಂದರು. ಅದು ಅಂದಿನದೇ ಪತ್ರಿಕೆ! ದೀಪದ ಸುತ್ತ ಬಳೆಯಂಥ ಬೆಳಕು ಕಾಣುತ್ತದೆಂದೂ ಹೇಳಿದರು. ಕನ್ನಡಕ ಬದಲಾಯಿಸಿರೆಂದೆವು. ಬದಲಾಯಿಸಿದರು, ಹಳದಿ ಹೋಗಲಿಲ್ಲ. ಊಟ ಸೇರದಾಯಿತು, ಓಕರಿಕೆ ಶುರುವಾಯಿತು. ಮನೆಯವರು ಪಿತ್ತವೆಂದುಕೊಂಡರು. ಕೊನೆಗೆ ಕಣ್ಣಿನ ವೈದ್ಯರು ಕೇಳಿದ್ದು ಒಂದೇ ಮಾತು: "ಹೃದಯಕ್ಕೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ?"

ಮಾತ್ರೆ ಡಿಗಾಕ್ಸಿನ್. ಚೀಟಿಯಲ್ಲಿ ಬರೆದದ್ದು ವಾರಕ್ಕೆ ೫ ದಿನ. ಮನೆಯಲ್ಲಿ ಕೊಡುತ್ತಿದ್ದುದು ೭ ದಿನ. ರಕ್ತ ಪರೀಕ್ಷಿಸಿ, ವೈದ್ಯರು ಮಾತ್ರೆ ನಿಲ್ಲಿಸಿದ ಕೆಲವು ದಿನಗಳಲ್ಲಿ ಹಾಳೆ ಮತ್ತೆ ಬೆಳ್ಳಗಾಯಿತು.

"ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ" ಎನ್ನುತ್ತೇವೆ. ಕಾಮಾಲೆಯಲ್ಲಿ ರೋಗಿಯ ಕಣ್ಣು ಹಳದಿಯಾದದ್ದು ನೋಡುವವರಿಗೆ ಕಾಣುತ್ತದೆ. ಇಲ್ಲಿ ಹಾಗಲ್ಲ, ರೋಗಿಗೇ ಲೋಕ ಹಳದಿ. ಆತ ಬಾಯಿಬಿಟ್ಟು ಹೇಳಿದರಷ್ಟೇ ಬೇರೆಯವರಿಗೆ ತಿಳಿದೀತು.

ಈ ಔಷಧದ ಮೂಲ ಯುರೋಪಿನ ಡಿಜಿಟಾಲಿಸ್ ಗಿಡ. ೧೭೮೫ರಲ್ಲಿ ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯನು ಅದರ ಗುಣಗಳನ್ನು ಬರೆದಾಗಲೇ, ಪ್ರಮಾಣ ಮೀರಿದರೆ ವಸ್ತುಗಳು ಹಳದಿ, ಹಸಿರು ಕಾಣುವುದನ್ನೂ ದಾಖಲಿಸಿದ್ದನು. ೧೯೩೦ರಲ್ಲಿ ಸಿಡ್ನಿ ಸ್ಮಿತ್ ಅದೇ ಜಾತಿಯ ಗಿಡದ ಎಲೆಯಿಂದ ಡಿಗಾಕ್ಸಿನ್ ಬೇರ್ಪಡಿಸಿದನು. ಜೀವಕೋಶಗಳು ಉಪ್ಪಿನಂಶವನ್ನು ಹೊರಹಾಕುವ ವ್ಯವಸ್ಥೆಯನ್ನು ಇದು ತಡೆಯುತ್ತದೆ. ಇದರಿಂದ ಸೋತ ಹೃದಯಕ್ಕೆ ಬಲ ಬರುತ್ತದೆ. ಆದರೆ ಕಣ್ಣಿನ ಒಳಪರದೆಯಲ್ಲೂ ಅದೇ ವ್ಯವಸ್ಥೆ ಇರುವುದರಿಂದ, ಹೆಚ್ಚಾದಾಗ ಬಣ್ಣ ಕೆಡುತ್ತದೆ. ನಮ್ಮ ಅಂಗಳದ ಹಳದಿ ಕಣಗಿಲೆಯ ವಿಷವೂ ಇದೇ ವರ್ಗದ್ದು. ಅದರ ಬೀಜ ಪ್ರಾಣಾಂತಿಕ.

ಗುಣ ಕೊಡುವ ಪ್ರಮಾಣಕ್ಕೂ ಕೆಡುಕು ಮಾಡುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಮಾತ್ರೆ ಸಾಮಾನ್ಯವಾಗಿ ಕಾಲು ಮಿಲಿಗ್ರಾಂನಷ್ಟೇ. ಅದನ್ನು ಹೊರಹಾಕುವುದು ಮೂತ್ರಪಿಂಡ. ವಯಸ್ಸಾದಾಗ, ವಾಂತಿಭೇದಿಯಲ್ಲಿ, ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಪೊಟ್ಯಾಸಿಯಂ ಇಳಿದಾಗ, ಅಮಿಯೊಡರೋನ್ ಜೊತೆಗೂಡಿದಾಗ ಅಪಾಯ ಹೆಚ್ಚು. ಅಮಿಯೊಡರೋನ್ ತಾನೇ ಕಣ್ಣಿನ ಕರಿಗುಡ್ಡೆಯ ಮುಂಪೊರೆಯಲ್ಲಿ ಕಣಗಳಾಗಿ ಕೂರುವುದೂ ಉಂಟು. ಹೆಚ್ಚಿನವರಿಗೆ ಇದರಿಂದ ದೃಷ್ಟಿ ಕೆಡುವುದಿಲ್ಲ.

ಹೆದರಿ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ, ಅದೂ ಅಪಾಯ. ಆದರೆ ಬಣ್ಣ ಬದಲಾದರೆ, ಓಕರಿಕೆ ಬಂದರೆ, ನಾಡಿ ನಿಧಾನವಾದರೆ ಅಂದೇ ವೈದ್ಯರಲ್ಲಿಗೆ ಹೋಗಿ. ವಿಷವೇರಿದರೆ ನಾಡಿಯ ಲಯ ತಪ್ಪಿ ಪ್ರಾಣವೇ ಹೋದೀತು. ಕಣ್ಣಿನ ವೈದ್ಯರ ಬಳಿಗೂ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಯಾವ ದಿನ ಮಾತ್ರೆ, ಯಾವ ದಿನ ಬಿಡುವು ಎಂದು ವೈದ್ಯರನ್ನೇ ಕೇಳಿ, ಕನ್ನಡದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿರಿ. ಬರೆಯಲು ಬಾರದವರು ಸಂಜೆ ಬನ್ನಿ. ನೀವು ಕೇಳಿಕೊಂಡು ಬಂದದ್ದನ್ನು ದಪ್ಪ ಅಕ್ಷರದಲ್ಲಿ ನಾವು ಬರೆದುಕೊಡುತ್ತೇವೆ.

ಆ ಹಿರಿಯರು ಇಂದೂ ಮುಂದಿನ ಸಾಲಿನಲ್ಲಿದ್ದಾರೆ. ಅವರ ಅಪ್ಪಣೆ ಪಡೆದೇ ಇದನ್ನು ಹೇಳಿದ್ದೇನೆ.