ಟಿ.ಸಿ. ಯಾಕೆ ಸುಡುತ್ತದೆ?

(ರೈತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳಗಿನಿಂದ ಬೆಲೆ, ಸಾಲ, ಬಡ್ಡಿಯ ಮಾತಾಯಿತು. ನಾನು ಕಂಬದ ಮೇಲೆ ಕೂತಿರುವ ಒಂದು ಕಬ್ಬಿಣದ ಪೆಟ್ಟಿಗೆಯ ವಿಷಯ ಹೇಳಲು ನಿಂತಿದ್ದೇನೆ. ಅದಕ್ಕೂ ಸಾಲಕ್ಕೂ ಏನು ಸಂಬಂಧ ಅಂತೀರಾ? ಒಂದು ವರ್ಷ ಏಪ್ರಿಲ್‌ನಲ್ಲಿ ನಮ್ಮ ಟಿ.ಸಿ. ಸುಟ್ಟುಹೋಯಿತು. ಹೊಸದು ಬರಲು ಹದಿನೇಳು ದಿನ ಹಿಡಿಯಿತು. ಅಷ್ಟರಲ್ಲಿ ನನ್ನ ಅರ್ಧ ಎಕರೆ ಟೊಮೇಟೊ ಒಣಗಿತ್ತು. ಅದಕ್ಕೆ ಮಾಡಿದ್ದ ಗೊಬ್ಬರದ ಸಾಲ ಮಾತ್ರ ಒಣಗಲಿಲ್ಲ. ಅವತ್ತಿನಿಂದ ಈ ಪೆಟ್ಟಿಗೆಯೊಳಗೆ ಏನಿದೆ ಅಂತ ತಿಳಿದುಕೊಳ್ಳಲು ಹೊರಟೆ.

ಮೊದಲು ಇದು ಯಾಕೆ ಬೇಕು ಅನ್ನೋದನ್ನ ನೋಡೋಣ. ದೂರದ ಕೆರೆಯಿಂದ ಮಣ್ಣಿನ ಕಾಲುವೆಯಲ್ಲಿ ನೀರು ತಂದರೆ ದಾರಿಯಲ್ಲೇ ಇಂಗಿಹೋಗುತ್ತದೆ. ಕರೆಂಟೂ ಹಾಗೆಯೇ. ತಂತಿಯಲ್ಲಿ ಹರಿಯುವಾಗ ಅದರ ಒಂದು ಪಾಲು ಬಿಸಿಯಾಗಿ ಹಾಳಾಗುತ್ತದೆ. ಹರಿಯುವ ಆಂಪಿಯರ್ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಆದರೆ ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಗೆ ಹತ್ತನೇ ಒಂದು ಪಾಲು ಆಂಪಿಯರ್ ಸಾಕು. ಆಗ ನಷ್ಟ ನೂರನೇ ಒಂದು ಪಾಲಿಗೆ ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗೆ ಮುಟ್ಟಿದ್ದು ಈ ಲೆಕ್ಕದಿಂದಲೇ. ಅಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜ್ ಏರಿಸಿ ಕಳಿಸಿದರು, ಇಲ್ಲಿ ಇನ್ನೊಂದು ಇಟ್ಟು ಇಳಿಸಿಕೊಂಡರು.

ನಮ್ಮ ಹೊಲದ ಟಿ.ಸಿ. ಈ ಸಾಲಿನ ಕಡೆಯದು. ಮೇಲಿನ ತಂತಿಯಲ್ಲಿ 11,000 ವೋಲ್ಟ್ ಬರುತ್ತದೆ. ಅದನ್ನು ಇದು 433 ವೋಲ್ಟ್‌ಗೆ ಇಳಿಸಿ ಮೋಟಾರಿಗೆ ಕೊಡುತ್ತದೆ.

ಒಳಗೆ ತಿರುಗುವ ಚಕ್ರ ಒಂದೂ ಇಲ್ಲ. ತೆಳ್ಳನೆಯ ಉಕ್ಕಿನ ತಗಡುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಅದರ ಸುತ್ತ ತಂತಿಯ ಎರಡು ಸುರುಳಿಗಳು. ಒಂದಕ್ಕೊಂದು ತಗುಲಿರುವುದಿಲ್ಲ. ಮತ್ತೆ ಕರೆಂಟು ಹೇಗೆ ದಾಟುತ್ತೆ? ನಮಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಆಡುತ್ತದೆ. ಅದರಿಂದ ಉಕ್ಕಿನಲ್ಲಿ ಅಯಸ್ಕಾಂತ ಶಕ್ತಿ ಏರಿಳಿಯುತ್ತದೆ. ಆ ಏರಿಳಿತವೇ ಎರಡನೇ ಸುರುಳಿಯಲ್ಲಿ ಕರೆಂಟು ಹುಟ್ಟಿಸುತ್ತದೆ. ಇದನ್ನು 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ. ಒಂದರಲ್ಲಿ ಸಾವಿರ ಸುತ್ತು, ಇನ್ನೊಂದರಲ್ಲಿ ನೂರು ಸುತ್ತು ಇದ್ದರೆ ವೋಲ್ಟೇಜ್ ಹತ್ತನೇ ಒಂದು ಪಾಲಾಗುತ್ತದೆ, ಆಂಪಿಯರ್ ಹತ್ತು ಪಟ್ಟಾಗುತ್ತದೆ. ಒಂದೇ ಕಡೆಗೆ ಹರಿಯುವ ಬ್ಯಾಟರಿ ಕರೆಂಟಿನಿಂದ ಇದು ಆಗುವುದಿಲ್ಲ. ಟಿ.ಸಿ. ಹತ್ತಿರ ಗುಂಯ್ ಅಂತ ಸದ್ದು ಬರುತ್ತಲ್ಲ, ಅದು ಈ ತಗಡುಗಳು ನಡುಗುವ ಸದ್ದು.

ಸುರುಳಿಗೆ ಕಾಗದ ಸುತ್ತಿ, ಎಣ್ಣೆಯಲ್ಲಿ ಮುಳುಗಿಸಿರುತ್ತಾರೆ. ಎಣ್ಣೆ ಬಿಸಿಯನ್ನೂ ಹೊರಹಾಕುತ್ತದೆ, ಕರೆಂಟು ಹಾರದಂತೆಯೂ ತಡೆಯುತ್ತದೆ. ಬಿಸಿ ಮಿತಿ ಮೀರಿ ಸುಮಾರು 6 ಡಿಗ್ರಿ ಹೆಚ್ಚಾದರೆ ಆ ಕಾಗದದ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ. ಟಿ.ಸಿ. ಒಂದು ದಿನದಲ್ಲಿ ಸುಟ್ಟಂತೆ ಕಾಣುತ್ತದೆ. ನಿಜದಲ್ಲಿ ಅದು ತಿಂಗಳುಗಟ್ಟಲೆ ಬೆಂದಿರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಪೆಟ್ಟಿಗೆಯ ಮೇಲೆ 25 ಕೆ.ವಿ.ಎ. ಅಂತ ಬರೆದಿದ್ದರೆ ಅದು ಹೊರಬಲ್ಲ ಭಾರ ಸುಮಾರು 33 ಆಂಪಿಯರ್. 63 ಕೆ.ವಿ.ಎ. ಆದರೆ 84 ಆಂಪಿಯರ್. 5 ಎಚ್.ಪಿ. ಮೋಟಾರು ಏಳೂವರೆ ಆಂಪಿಯರ್ ಎಳೆಯುತ್ತದೆ. ಅಂದರೆ 25ರ ಟಿ.ಸಿ.ಗೆ ನಾಲ್ಕು ಮೋಟಾರು, 63ಕ್ಕೆ ಹನ್ನೊಂದು. ನಿಮ್ಮ ಟಿ.ಸಿ.ಗೆ ಎಷ್ಟಿವೆ, ಎಣಿಸಿದ್ದೀರಾ? ಆರ್.ಆರ್. ನಂಬರಿನಲ್ಲಿ 5 ಎಚ್.ಪಿ., ಬೋರ್‌ವೆಲ್‌ನಲ್ಲಿ 10 ಎಚ್.ಪಿ. ಇಳಿಸಿದವರು ಇಲ್ಲೂ ಇದ್ದೀರಿ. ಕೋಪ ಬೇಡ, ನಾನೂ 7.5 ಇಳಿಸಿದ್ದವನೇ. ನೀರು ಪಾತಾಳಕ್ಕೆ ಹೋದರೆ ರೈತ ಏನು ಮಾಡಿಯಾನು? ಆದರೆ ಎರಡು ಎತ್ತಿನ ಗಾಡಿಗೆ ನಾಲ್ಕು ಗಾಡಿಯ ಕಬ್ಬು ಹೇರಿ, ಎತ್ತು ಬಿತ್ತು ಅಂತ ಅತ್ತರೆ ನ್ಯಾಯವೇ?

ಇನ್ನೊಂದು ಶತ್ರು ಆಟೋ ಸ್ಟಾರ್ಟರ್. ಹೊರಡುವಾಗ ಮೋಟಾರು ಐದಾರು ಪಟ್ಟು ಕರೆಂಟು ಎಳೆಯುತ್ತದೆ. ರಾತ್ರಿ ಕರೆಂಟು ಬಂದ ಕ್ಷಣಕ್ಕೆ ಹತ್ತು ಮೋಟಾರು ಒಟ್ಟಿಗೆ ಎದ್ದರೆ ಟಿ.ಸಿ. ಗತಿ ಏನು? ಫ್ಯೂಸ್ ಹೋಗಬೇಕು. ನಾವು ದಪ್ಪ ತಂತಿ ಕಟ್ಟಿ ಅದು ಹೋಗದ ಹಾಗೆ ಮಾಡುತ್ತೇವೆ. ಮೂರು ಕಾಸಿನ ತಂತಿ ಉಳಿಯುತ್ತದೆ, ಟಿ.ಸಿ. ಹೋಗುತ್ತದೆ.

ಹಾಗಂತ ತಪ್ಪೆಲ್ಲ ನಮ್ಮದೇ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಎಣ್ಣೆ ಕಡಿಮೆಯಾಗಿದೆಯೇ, ಅರ್ತಿಂಗ್ ಸರಿಯಿದೆಯೇ, ಗಾಳಿ ಎಳೆಯುವ ಕೊಳವೆಯ ನೀಲಿ ಹರಳು ತೇವದಿಂದ ಗುಲಾಬಿ ಬಣ್ಣಕ್ಕೆ ತಿರುಗಿದೆಯೇ, ಇವನ್ನೆಲ್ಲ ನೋಡುವುದು ವಿದ್ಯುತ್ ಕಂಪನಿಯ ಕೆಲಸ. ಒಂದು ಟಿ.ಸಿ.ಯಿಂದ ಮೈಲಿಗಟ್ಟಲೆ ಸಣ್ಣ ಲೈನು ಎಳೆದರೆ ಕೊನೆಯ ಬಾವಿಗೆ ವೋಲ್ಟೇಜೇ ಇರುವುದಿಲ್ಲ. ಆಗ ಮೋಟಾರು ಹೆಚ್ಚು ಆಂಪಿಯರ್ ಎಳೆದು ತಾನೂ ಸುಡುತ್ತದೆ, ರೀವೈಂಡಿಂಗ್ ಖರ್ಚು ನಮ್ಮ ತಲೆಗೆ. 11,000 ವೋಲ್ಟ್ ತಂತಿಯನ್ನೇ ಬಾವಿಗಳ ಹತ್ತಿರ ತಂದು, ನಾಲ್ಕಾರು ಬಾವಿಗೊಂದು ಸಣ್ಣ ಟಿ.ಸಿ. ಇಡುವುದು ಇದಕ್ಕೆ ಸರಿಯಾದ ದಾರಿ. ಅದನ್ನು ಕೇಳಬೇಕು.

ನಾವು ಮಾಡಬೇಕಾದ್ದು ಇಷ್ಟು. ಒಂದೊಂದು ಟಿ.ಸಿ.ಗೆ ಸೇರಿದವರು ಒಟ್ಟಿಗೆ ಕೂತು ನಿಜವಾದ ಎಚ್.ಪಿ. ಬರೆದಿಡಿ. ಹೆಚ್ಚಿದ್ದರೆ ಪಾಳಿ ಮಾಡಿಕೊಳ್ಳಿ, ಜೊತೆಗೆ ದೊಡ್ಡ ಟಿ.ಸಿ.ಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಟೋ ಸ್ಟಾರ್ಟರ್ ತೆಗೆಯಿರಿ. ಮೋಟಾರಿಗೆ ಕೆಪಾಸಿಟರ್ ಹಾಕಿಸಿ, ಲೈನಿನ ಭಾರ ಇಳಿಯುತ್ತದೆ. ಯಾರೂ ಕಂಬ ಹತ್ತಬೇಡಿ. ಫ್ಯೂಸ್ ಕಟ್ಟಲು ಹೋಗಿ ಹೆಣವಾದ ಹುಡುಗರನ್ನು ಕಂಡಿದ್ದೇವೆ.

ಸುಟ್ಟ ಟಿ.ಸಿ.ಯನ್ನು ಹಳ್ಳಿಗಳಲ್ಲಿ 72 ಗಂಟೆಯೊಳಗೆ ಬದಲಿಸಬೇಕೆಂದು ನಮ್ಮ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2004ರಲ್ಲಿ ನಿಯಮ ಮಾಡಿತು. ಕೆಲಸದ ಗುಣಮಟ್ಟ ಕಾಯದಿದ್ದರೆ ಬಳಕೆದಾರರಿಗೆ ಪರಿಹಾರ ಕೊಡಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 57ನೇ ಕಲಮು ಹೇಳುತ್ತದೆ. ನಾನು ಹದಿನೇಳು ದಿನ ಕಾದಾಗ ಇದು ಗೊತ್ತಿರಲಿಲ್ಲ. ದೂರು ಬರೆಸಿದ ದಿನ, ಗಂಟೆ ಯಾವುದನ್ನೂ ಬರೆದಿಟ್ಟಿರಲಿಲ್ಲ. ಬರೆದಿಡದವನ ಕೈಯಲ್ಲಿ ಕಾನೂನು ಇದ್ದೂ ಇಲ್ಲದಂತೆ.

ನಾಳೆ ಊರಿಗೆ ಹೋದ ಮೇಲೆ ಮೊದಲು ಕಂಬದ ಹತ್ತಿರ ಹೋಗಿ, ದೂರದಲ್ಲೇ ನಿಂತು, ಪೆಟ್ಟಿಗೆಯ ಮೇಲೆ ಎಷ್ಟು ಕೆ.ವಿ.ಎ. ಅಂತ ಬರೆದಿದೆ ಓದಿ. ಆಮೇಲೆ ಮೋಟಾರು ಎಣಿಸಿ. ಉಳಿದ ಮಾತು ಮುಂದಿನ ಸಭೆಯಲ್ಲಿ ಆಡೋಣ.