ಕ್ಲೌಡ್ ಬಿಲ್ಲು: ವಿದ್ಯಾರ್ಥಿಗಳಿಗೆ ಕಿವಿಮಾತು
(ವಾರ್ಷಿಕ ಸಮಾರಂಭದ ಭಾಷಣ)



ರಾಮನಗರದ ರೇಷ್ಮೆ ರೀಲರ್‌ಗಳ ಮಕ್ಕಳಿಗೆ ಗೊತ್ತು: ಯಂತ್ರ ನಿಂತರೂ ಶೆಡ್ಡಿನ ಬಾಡಿಗೆ ನಿಲ್ಲದು. ಕ್ಲೌಡ್ ಲೆಕ್ಕವೂ ಹಾಗೆಯೇ. ಪ್ರಾಜೆಕ್ಟ್ ಮುಗಿಸಿ ಸರ್ವರ್ ನಿಲ್ಲಿಸಿದರೂ ಡಿಸ್ಕಿನ ಶುಲ್ಕ ಏರುತ್ತಲೇ ಇರುತ್ತದೆ. ಆದ್ದರಿಂದ ಬೇಕಾದುದನ್ನು ನಕಲು ಮಾಡಿಕೊಂಡು ಉಳಿದದ್ದನ್ನು ಅಳಿಸಿಬಿಡಿ. ಬಜೆಟ್ ಎಚ್ಚರಿಕೆ ಇಡಿ. ಆದರೆ ಅದು ಖರ್ಚನ್ನು ತಿಳಿಸುತ್ತದೆಯೇ ಹೊರತು ತಾನಾಗಿ ತಡೆಯುವುದಿಲ್ಲ. ತಂದೆಯ ಕಾರ್ಡ್ ಕೊಡುವ ಮೊದಲು, ಕಾರ್ಡ್ ಕೇಳದ ಮೈಕ್ರೋಸಾಫ್ಟ್‌ನ ‘ಅಜೂರ್ ಫಾರ್ ಸ್ಟೂಡೆಂಟ್ಸ್’ ಸೌಲಭ್ಯವನ್ನು ವಿಚಾರಿಸಿ.

ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಅಲ್ ಬಕರ ಅಧ್ಯಾಯದ 282ನೇ ಸೂಕ್ತ ಕಲಿಸುತ್ತದೆ. ನೀವೂ ಕ್ಲೌಡ್‌ನಲ್ಲಿ ತೆರೆದದ್ದನ್ನೆಲ್ಲ ತಾರೀಖಿನೊಡನೆ ಬರೆದಿಡಿ.

ಬಿಲ್ಲು ಬಂದೇಬಿಟ್ಟರೆ ಹೆದರಿ ಬಚ್ಚಿಡಬೇಡಿ, ಬಡ್ಡಿ ಸಾಲಕ್ಕೂ ಓಡಬೇಡಿ. ಅಂದೇ ಮನೆಯವರಿಗೆ ಹೇಳಿ. ಕಂಪನಿಯ ಸಹಾಯ ವಿಭಾಗಕ್ಕೆ ನಡೆದದ್ದನ್ನು ನಿಜವಾಗಿ ಬರೆದು ವಿನಾಯಿತಿ ಕೇಳಿ. ಸಿಕ್ಕೇ ಸಿಗುತ್ತದೆಂದಲ್ಲ, ಆದರೆ ಕೇಳದವರಿಗೆ ಸಿಗುವುದಿಲ್ಲ.

ಅಲ್ಲಾಹನು ನಿಮ್ಮ ವಿದ್ಯೆಯಲ್ಲಿ ಬರಕತ್ ನೀಡಲಿ.